ಮಂದೆ ಹೊರಟ ಮನೆ, ಮೋಟಾರಿನ ಪಾಠ

ನಮ್ಮ ಮನೆಯಲ್ಲಿ ವರ್ಷದ ಅರ್ಧ ಭಾಗ ಜನ ಇರುತ್ತಿದ್ದರು, ಇನ್ನರ್ಧ ಇರುತ್ತಿರಲಿಲ್ಲ. ದೀಪಾವಳಿ ಕಳೆದು ಊರ ಮೇವಿನ ಕಾವಲಿನ ಹಸಿರು ಮಾಸತೊಡಗಿದರೆ ಅಪ್ಪ, ಅವ್ವ, ಅಣ್ಣ, ಚಿಕ್ಕಪ್ಪ ಎಲ್ಲರೂ ಕುರಿಮಂದೆಯ ಜೊತೆ ಹೊರಟುಬಿಡುತ್ತಿದ್ದರು. ಮೊದಲು ಹೊಳಲ್ಕೆರೆ ಕಡೆಯ ತೋಟಗಳು, ಆಮೇಲೆ ಹಿರಿಯೂರಿನ ಆಚೆಯ ಕಾಲುವೆ ಬಯಲು. ಗೊಬ್ಬರಕ್ಕಾಗಿ ಯಾರು ತಮ್ಮ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೋ ಅಲ್ಲಿ ಕೆಲವು ದಿನ ತಂಗಿ, ಮತ್ತೆ ಮುಂದಕ್ಕೆ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆಯೇ ಅವರು ಹಿಂದಕ್ಕೆ ಬರುತ್ತಿದ್ದದ್ದು. ಮತ್ತೋಡಿನಿಂದ ಒಂದು ಹರದಾರಿ ಒಳಗಿದ್ದ ನಮ್ಮ ಹಟ್ಟಿಯಲ್ಲಿ ಕುರಿ ಇದ್ದ ಮನೆಗಳೆಲ್ಲ ಹೀಗೆಯೇ. ಆದರೆ ಬೇರೆ ಮನೆಗಳಲ್ಲಿ ಮುದುಕರು, ಬಾಣಂತಿಯರು, ಚಿಕ್ಕ ಮಕ್ಕಳು ತುಂಬಿಕೊಂಡಿರುತ್ತಿದ್ದರು. ನಮ್ಮಲ್ಲಿ ಉಳಿಯುತ್ತಿದ್ದವರು ಇಬ್ಬರೇ, ಎದ್ದು ನಡೆಯಲಾರದ ಅಜ್ಜಿ ಮತ್ತು ಅವಳಿಗೆ ನೀರು ಕೊಡಲು ನಾನು. ನಾನು ಶಾಲೆಗೆ ಸೇರಿದ್ದೂ ಹೀಗೆಯೇ. ನನ್ನನ್ನು ಓದಿಸಬೇಕೆಂದು ಮನೆಯಲ್ಲಿ ಯಾರೂ ತೀರ್ಮಾನ ಮಾಡಿರಲಿಲ್ಲ. ಹಟ್ಟಿಯಲ್ಲಿ ಉಳಿದ ಹುಡುಗ ಹಗಲು ಹೊತ್ತು ಎಲ್ಲಾದರೂ ಇರಬೇಕಲ್ಲ ಎಂದು ಕಳಿಸಿದರು, ನಾನು ಹೋದೆ.

ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ಎಷ್ಟು ಗಿಡ್ಡವೆಂದರೆ ಅಪ್ಪ ಒಳಗೆ ಬರುವಾಗ ಪ್ರತಿ ಸಲವೂ ರುಮಾಲು ಹಿಡಿದುಕೊಂಡು ಬಾಗುತ್ತಿದ್ದ. ನಡುಮನೆಯಲ್ಲಿ ನನಗಿಂತ ಎತ್ತರದ ಮಣ್ಣಿನ ವಾಡೆಗಳು, ಅವುಗಳ ತುಂಬ ರಾಗಿ, ನವಣೆ, ಹುರುಳಿ. ಮೇಲೆ ಒಂದೇ ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲು ಬೆಳಿಗ್ಗೆ ವಾಡೆಯ ಹೊಟ್ಟೆಯ ಮೇಲೆ ಇದ್ದದ್ದು ಸಂಜೆಯ ಹೊತ್ತಿಗೆ ಅಡುಗೆಮನೆಯ ಹೊಸ್ತಿಲ ತನಕ ಹೋಗಿರುತ್ತಿತ್ತು. ಮನೆಯ ಹಿಂದೆ ಕಲ್ಲು ಪೇರಿಸಿ ಕಟ್ಟಿದ ರೊಪ್ಪ, ಕುರಿಗಳನ್ನು ಕೂಡುವ ಜಾಗ. ಮಂದೆ ಇದ್ದ ತಿಂಗಳುಗಳಲ್ಲಿ ಮರಿಗಳ ಕೂಗು, ನಾಯಿಯ ಬೊಗಳು, ಚಿಕ್ಕಪ್ಪನ ಕೆಮ್ಮು, ಅವ್ವನ ಬೈಗುಳ ಎಲ್ಲ ಸೇರಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಹೊರಡುವ ದಿನ ರೊಪ್ಪದ ಬಾಯಲ್ಲಿ ಕಲ್ಲು ಹೂಡಿ ಅವ್ವ ಹಾಲುಕ್ಕಿಸುತ್ತಿದ್ದಳು. ಕತ್ತೆಯ ಬೆನ್ನ ಮೇಲೆ ಪಾತ್ರೆ, ರಾತ್ರಿ ಮಂದೆಯ ಸುತ್ತ ಕಟ್ಟುವ ಬಲೆ, ನಡೆಯಲಾರದ ಎಳೆಮರಿಗಳು ಏರುತ್ತಿದ್ದವು. ಧೂಳು ಎದ್ದು, ಹಟ್ಟಿಯ ಮುಂದೆ ಸಾಗಿ, ಕಾವಲಿನ ತಿರುವಿನಲ್ಲಿ ಇಳಿಯುತ್ತಿತ್ತು. ನನಗೆ ಚೆನ್ನಾಗಿ ನೆನಪಿರುವುದು ಅದರ ನಂತರದ ಮಧ್ಯಾಹ್ನ. ನಾನು ರೊಪ್ಪದೊಳಗೆ ಹೋಗಿ ಹಿಕ್ಕೆಯ ಮೇಲೆ ಕೂರುತ್ತಿದ್ದೆ. ನೆಲದಲ್ಲಿ ಕುರಿಗಳ ಮೈಬಿಸಿ ಇನ್ನೂ ಉಳಿದಿರುತ್ತಿತ್ತು. ಅದು ಆರುವ ತನಕ ಕೂತು ಎದ್ದು ಬರುತ್ತಿದ್ದೆ.

ಅಜ್ಜಿ ಸತ್ತ ವರ್ಷವೇ ಅಣ್ಣ ಬೀರಣ್ಣನ ಮದುವೆಯಾಯಿತು. ಅತ್ತಿಗೆಯ ಹೆಸರು ಮಾಳಮ್ಮ. ಅವಳ ತವರು ಹಿರಿಯೂರಿನ ಆಚೆ, ಆಂಧ್ರದ ಸೀಮೆಯ ಕಡೆಗೆ. ಸಿಟ್ಟು ಬಂದರೆ ಅವಳ ಬಾಯಲ್ಲಿ ತೆಲುಗು ಬರುತ್ತಿತ್ತು. ಅವಳದೂ ಕುರಿ ಸಾಕುವವರ ಮನೆಯೇ, ಆದರೆ ನಮ್ಮ ಮನೆಯಲ್ಲಿ ಮಂದೆಯ ಜೊತೆ ಹೋಗುವ ಹೆಂಗಸು ಅವ್ವ ಒಬ್ಬಳೇ ಎಂಬುದು ಮೊದಲಿನಿಂದ ಬಂದ ಪದ್ಧತಿ. ಹಸುವಿಗೆ ಹುಲ್ಲು ಹಾಕಬೇಕು, ದೇವರ ಮುಂದೆ ದೀಪ ಹಚ್ಚಬೇಕು, ಶಾಲೆಗೆ ಹೋಗುವ ನನಗೆ ಹಿಟ್ಟು ಬೇಯಿಸಬೇಕು, ಹಾಗಾಗಿ ಸೊಸೆ ಮನೆಯಲ್ಲಿ ಉಳಿದಳು. ಮೊದಲ ವರ್ಷ ನಾವಿಬ್ಬರೂ ಮಾತಾಡಿದ್ದೇ ಕಡಿಮೆ. ಅವಳು ಮುದ್ದೆ ಬಡಿಸಿ ಒಲೆಯ ಕಡೆ ತಿರುಗಿ ಕೂರುತ್ತಿದ್ದಳು, ನಾನು ಗೋಡೆಯ ಕಡೆ ನೋಡುತ್ತ ಉಣ್ಣುತ್ತಿದ್ದೆ. ವರ್ಷ ಕಳೆದರೂ ಮಡಿಲು ತುಂಬಲಿಲ್ಲವೆಂದು ಅವ್ವ ಮಳೆಗಾಲದಲ್ಲಿ ಅವಳನ್ನು ಹಾಲುರಾಮೇಶ್ವರಕ್ಕೆ ಕರೆದುಕೊಂಡು ಹೋಗಿ ಮಕ್ಕಳ ಫಲ ಬೇಡುವವರು ಕೂರುವ ಕೊಳದ ಮುಂದೆ ಸೆರಗೊಡ್ಡಿ ಕೂರಿಸಿದಳು. ಮರುವರ್ಷ ಮತ್ತೆ ಹೋದರು. ಪಕ್ಕದ ಮನೆಯ ದೊಡ್ಡವ್ವ ಮಾತ್ರ ಅವ್ವನ ಎದುರಿಗೇ ಅಂದಿದ್ದಳು:

“ಗಂಡ ಅರ್ಧ ವರ್ಷ ಹಿರಿಯೂರಾಗೆ, ಹೆಂಡ್ತಿ ಅರ್ಧ ವರ್ಷ ಇಲ್ಲಿ. ಆ ರಾಮೇಶ್ವರನಾದ್ರೂ ಏನು ಮಾಡ್ತಾನವ್ವ?”

ಏಳನೆಯ ತರಗತಿ ಮುಗಿದಾಗ ನಮ್ಮ ಮೇಷ್ಟ್ರು ಕೆಲವು ಹುಡುಗರನ್ನು ಹೊಸದುರ್ಗದ ತಾಂತ್ರಿಕ ಶಾಲೆಯ ಪರೀಕ್ಷೆಗೆ ಕೂರಿಸಿದರು. ಬಡಗಿ ಕೆಲಸಕ್ಕೂ ವಿದ್ಯುತ್ ವಿಭಾಗಕ್ಕೂ ಜನ ತುಂಬಿಹೋಗಿತ್ತು, ಮೋಟಾರು ವಿಭಾಗದಲ್ಲಿ ಜಾಗವಿತ್ತು. ಆ ತನಕ ನಾನು ಬಸ್ಸಿನಲ್ಲಿ ಕೂತದ್ದೇ ಬೆರಳೆಣಿಕೆಯಷ್ಟು ಸಲ. ತಗಡಿನ ಚಾವಣಿಯ ಉದ್ದನೆಯ ಕೊಠಡಿ. ಒಂದು ಕಡೆ ಹಳೆಯ ಜೀಪು. ಇನ್ನೊಂದು ಕಡೆ ನಡುವೆ ಸೀಳಿ ಕೆಂಪು ಹಳದಿ ಬಣ್ಣ ಬಳಿದ ಕಾರಿನ ಇಂಜಿನ್ನು, ಒಳಗಿನದೆಲ್ಲ ಕಾಣುವಂತೆ. ಹಿಂದಿನ ಮೂಲೆಯಲ್ಲಿ, ಕಬ್ಬಿಣದ ಚೌಕಟ್ಟಿನ ಮೇಲೆ, ಯಾವುದೋ ಲಾರಿಯಿಂದ ಇಳಿಸಿದ ಆರು ಸಿಲಿಂಡರಿನ ದೊಡ್ಡ ಡೀಸೆಲ್ ಇಂಜಿನ್ನು. ಅದನ್ನು ಹುಡುಗರು ವರ್ಷ ವರ್ಷವೂ ಬಿಚ್ಚಿ ಜೋಡಿಸುತ್ತ ಬಂದಿದ್ದರು. ಅದು ಓಡಿದ್ದನ್ನು ಯಾರೂ ಕಂಡಿರಲಿಲ್ಲ. ನಮಗೆ ಕಲಿಸುತ್ತಿದ್ದವರು ತಿಪ್ಪೇಸ್ವಾಮಿ ಮೇಷ್ಟ್ರು. ಮೊದಲು ಮಿಲಿಟರಿಯ ಗಾಡಿಗಳ ವಿಭಾಗದಲ್ಲಿ ಇದ್ದವರು, ಎತ್ತರದ ಆಳು, ಮಾತು ಮೆಲ್ಲಗೆ. ಮೊದಲ ವರ್ಷವಿಡೀ ಅವರು ನಮಗೆ ಅರದಿಂದ ಕಬ್ಬಿಣದ ತುಂಡು ಉಜ್ಜುವುದನ್ನು ಬಿಟ್ಟು ಬೇರೇನೂ ಕೊಡಲಿಲ್ಲ. ಉಜ್ಜಿದ ತುಂಡಿಗೆ ನೇರ ಅಳೆಯುವ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು, ಅದರ ಅಂಚಿನಲ್ಲಿ ಬೆಳಕು ನುಸುಳಿದರೆ ಮತ್ತೆ ಉಜ್ಜಲು ವಾಪಸು ಕೊಡುತ್ತಿದ್ದರು.

ಕೆಲಸಕ್ಕೆ ಇಬ್ಬಿಬ್ಬರ ಜೋಡಿ. ನಮ್ಮ ತರಗತಿಯಲ್ಲಿ ಒಬ್ಬ ಹೆಚ್ಚಿಗೆ ಇದ್ದ, ಆ ಒಬ್ಬ ನಾನು. ಉಳಿದವರು ಪೇಟೆಯ ಹುಡುಗರು, ಲಾರಿ ಡ್ರೈವರನ ಮಗ ನಜೀರ್, ಗ್ಯಾರೇಜಿನವರ ಮಕ್ಕಳು, ಅಂಗಡಿಯವರ ಮಕ್ಕಳು. ಅವರಿಗೆ ಗಾಡಿಗಳ ಹೆಸರೆಲ್ಲ ಬಾಯಿಗೆ ಬರುತ್ತಿತ್ತು. ನನ್ನ ಅಂಗಿಯಲ್ಲಿ ಕುರಿಯ ವಾಸನೆ ಬರುತ್ತದೆಂದು ಅವರೇ ಹೇಳಿದ ಮೇಲೆ ನನಗೆ ಗೊತ್ತಾದದ್ದು. ಅವರು ಕೆಟ್ಟ ಹುಡುಗರೇನಲ್ಲ. ಮಧ್ಯಾಹ್ನ ಅವರವರ ಮನೆಗೆ ಊಟಕ್ಕೆ ಹೋಗುತ್ತಿದ್ದರು, ನಾನು ಜೀಪಿನ ನೆರಳಲ್ಲಿ ರೊಟ್ಟಿ ಬಿಚ್ಚುತ್ತಿದ್ದೆ, ಅಷ್ಟೆ. ಎರಡನೆಯ ವರ್ಷ ಜೀಪಿನ ಇಂಜಿನ್ನು ಬಿಚ್ಚಿದೆವು. ಸಿಲಿಂಡರಿನ ಬಾಯಿ ತೆರೆದು ಮುಚ್ಚುವ ವಾಲ್ವಿನ ಅಂಚು ಕೂರುವ ಜಾಗಕ್ಕೆ ಮರಳಿನಂಥ ಮುಲಾಮು ಹಚ್ಚಿ, ವಾಲ್ವಿಗೆ ಸಿಕ್ಕಿಸಿದ ಕೋಲನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ತಿರುಗಿಸಿ ತಿರುಗಿಸಿ ಒಂದಕ್ಕೊಂದು ಕೂಡಿಸಬೇಕು. ಆಮೇಲೆ ಮೇಲೆ ಸೀಮೆಎಣ್ಣೆ ಹೊಯ್ದು ಕಾಯಬೇಕು. ಒಂದು ಹನಿಯೂ ಕೆಳಗೆ ಇಳಿಯಬಾರದು. ಆ ಕೆಲಸ ನನಗೆ ಹಿಡಿಸಿತು. ಜೊತೆಗಾರ ಇಲ್ಲದವನಿಗೆ ಕಾಯುವುದು ಅಭ್ಯಾಸ ಇರುತ್ತದೆ.

ಒಂದು ಸಂಜೆ ಮಸಿ ಮೆತ್ತಿದ್ದ ನನ್ನ ಕೈ ನೋಡಿ ಅತ್ತಿಗೆ ಕೇಳಿದಳು:

“ಇವತ್ತೇನು ಬಿಚ್ಚಿದ್ರಿ?”

ಹೇಳಿದೆ. ಅವಳು ಒಲೆಯ ಕಡೆಯಿಂದ ಈ ಕಡೆ ತಿರುಗಿ ಕೂತಳು. ಅಲ್ಲಿಂದ ದಿನವೂ ಅದೇ ನಡೆಯಿತು. ಚೊಂಬು, ಮುಚ್ಚಳ, ಒನಕೆ, ಒರಳು ಎಲ್ಲವನ್ನೂ ಎಳೆದುಕೊಂಡು ನಾನು ಅವಳಿಗೆ ಇಂಜಿನ್ನು ತೋರಿಸುತ್ತಿದ್ದೆ. ಒರಳು ಸಿಲಿಂಡರು, ಒನಕೆ ಪಿಸ್ಟನ್ನು, ಬಾಯಿಗೆ ಎರಡು ಮುಚ್ಚಳ. ಅವಳು ಸುಮ್ಮನೆ ತಲೆಯಾಡಿಸುವವಳಲ್ಲ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ ಎಂದು ನಾನು ಹೇಳಿದ ದಿನ ಅವಳು ಮುದ್ದೆಕೋಲನ್ನು ಹಾಗೇ ಹಿಡಿದು ನಿಂತಳು.

“ಮತ್ತೆ ಒಳಗೆ ಬೆಂಕಿ ಹಚ್ಚೋರು ಯಾರು?”

“ಅದೇ ಹತ್ಕೊಂತೈತೆ.”

“ಅದೇ ಹತ್ಕಳೋದಾದ್ರೆ ಡ್ರಮ್ಮಿನಾಗೆ ಯಾಕೆ ಹತ್ತಲ್ಲ?”

ಮರುದಿನ ತಿಪ್ಪೇಸ್ವಾಮಿ ಮೇಷ್ಟ್ರನ್ನು ಅದನ್ನೇ ಕೇಳಿದೆ. ಅವರು ಸೈಕಲ್ ಪಂಪು ತರಿಸಿ, ಅದರ ಬಾಯಿ ಮುಚ್ಚಿ ಹಿಡಿದು ಜೋರಾಗಿ ಹೊಡೆಯಲು ಹೇಳಿದರು, ಪಂಪಿನ ತುದಿಯನ್ನು ಮುಟ್ಟಿಸಿದರು. ಸುಡುತ್ತಿತ್ತು. ಗಾಳಿಯನ್ನು ಒತ್ತಿದರೆ ಬಿಸಿಯಾಗುತ್ತದೆ, ಬಹಳ ಒತ್ತಿದರೆ ಡೀಸೆಲ್ ಹತ್ತಿಕೊಳ್ಳುವಷ್ಟು ಬಿಸಿ. ಸಂಜೆ ಮನೆಗೆ ಓಡುವಂತೆ ಬಂದು ಅದನ್ನು ಹೇಳಿದೆ. ಅವಳು “ಹಂಗಾದ್ರೆ ಸರಿ” ಅಂದಳು. ಆಮೇಲೆ ಶಾಲೆಯಲ್ಲಿ ಏನೇ ಕಲಿತರೂ ನಾನು ಒಳಗೊಳಗೇ ಅತ್ತಿಗೆ ಇದಕ್ಕೆ ಏನು ಕೇಳುತ್ತಾಳೆ ಎಂದು ಯೋಚಿಸತೊಡಗಿದೆ. ಮೇಷ್ಟ್ರು ಹೇಳಿದ್ದನ್ನು ಒಪ್ಪಿಕೊಂಡು ಬರೆದುಕೊಳ್ಳುವ ಹುಡುಗರ ನಡುವೆ ನಾನು ಮತ್ತೆ ಮತ್ತೆ ಕೇಳುವವನಾದೆ. ಈ ಗುಣ ಯಾವ ಪುಸ್ತಕದಿಂದಲೂ ಬಂದದ್ದಲ್ಲ, ನಮ್ಮ ಅಡುಗೆಮನೆಯಿಂದ ಬಂದದ್ದು.

ಆ ಮಳೆಗಾಲ ಮಂದೆ ಹಿಂದಕ್ಕೆ ಬಂದಾಗ ಮನೆಯಲ್ಲಿ ಜಗಳ ಹತ್ತಿತು. ಉಣ್ಣೆ ಕತ್ತರಿಸುವ ದಿನ ಯಾವ ಟಗರು ಯಾರದು ಎಂದು ಶುರುವಾದದ್ದು, ಸತ್ತ ಅಜ್ಜಿಯ ಕಂಬಳಿ ಯಾರು ಇಟ್ಟುಕೊಂಡರು ಎಂಬಲ್ಲಿಗೆ ಬಂತು. ಚಿಕ್ಕಪ್ಪ ತನ್ನ ಪಾಲಿನ ಕುರಿ ಹೊಡೆದುಕೊಂಡು ಬೇರೆಯಾದ. ರೊಪ್ಪದ ನಡುವೆ ಕಲ್ಲಿನ ಗೋಡೆ ಎದ್ದಿತು. ಅಪ್ಪ ಅಂದು ಉಣ್ಣಲಿಲ್ಲ. ಮಾರನೆಯ ದಿನ ಮಧ್ಯಾಹ್ನ, ಎಲ್ಲರೂ ನಡುಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಮುದ್ದೆ ಮುರಿಯುತ್ತ ಹೇಳಿದ:

“ಮೈಲಾರಿ, ದೀಪಾವಳಿ ಆದ್ಮೇಲೆ ನೀನು ಮಂದೆ ಜೊತೆ ಬರ್ಬೇಕಾಗ್ತೈತೆ.”

“ಇನ್ನೊಂದು ವರ್ಷದ ಪಾಠ ಐತಪ್ಪ.”

“ಪಾಠ ಕುರಿಗೆ ಗೊತ್ತಾಗಲ್ಲ. ಎಡಕ್ಕೊಬ್ಬ ಬಲಕ್ಕೊಬ್ಬ ಇಲ್ದಿದ್ರೆ ಬೆಳೆಗೆ ನುಗ್ತವೆ. ನಿಮ್ಮ ಚಿಕ್ಕಪ್ಪ ಬಲಗಡೆ ನಡೀತಿದ್ದ. ಈಗ ಯಾರವ್ರೆ?”

ಓದಿದ್ದು ಸಾಕು, ಹೆಸರು ಬರೆಯೋಕೆ ಬರ್ತೈತಲ್ಲ ಎಂದು ಅವ್ವ ಮೆಲ್ಲಗೆ ಅಂದಳು. ಮೂರನೆಯ ವರ್ಷವೇ ಡೀಸೆಲ್ಲಿನ ವರ್ಷ. ಪಂಪು, ಡೀಸೆಲ್ ಸಿಂಪಡಿಸುವ ನಾಜಲ್ಲು, ಟೈಮಿಂಗು, ಕಷ್ಟದ ಕೆಲಸವೆಲ್ಲ ಆ ವರ್ಷಕ್ಕೆ ಉಳಿದಿತ್ತು. ಆಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಅತ್ತಿಗೆ ಮಾತಾಡಿದಳು. ಮಾವನ ಎದುರು ನೇರ ಮಾತಾಡುವ ರೂಢಿ ಇರಲಿಲ್ಲವಾದ್ದರಿಂದ ಅವ್ವನಿಗೆ ಹೇಳಿದಂತೆ ಹೇಳಿದಳು:

“ಅತ್ತೆಮ್ಮ, ಮಾವಯ್ಯಗೆ ಹೇಳ್ರಿ. ಬಲಗಡೆ ನಾನು ನಡೀತೀನಿ.”

“ಮನೆ ಯಾರು ನೋಡ್ಕಳೋರು?” ಅಂದಳು ಅವ್ವ.

“ಮೈಲಾರಿ ಅವ್ನೆ. ಮುದ್ದೆ ತಿರುವೋದು ಕಲ್ತವ್ನೆ. ಹಸ ದೊಡ್ಡವ್ವನ ಮನೇಲಿ ಇರ್ಲಿ.”

ಅಪ್ಪ ನೀರಿನ ಚೊಂಬಿಗೆ ಮಾತಾಡಿದಂತೆ ಅಂದ, “ಹೆಣ್ಮಗಳ ಕೈಲಿ ಆಗೋ ಕೆಲ್ಸ ಅಲ್ಲ.”

“ನಮ್ಮಪ್ಪನ ಮಂದೆ ಹಿಂದೆ ನಡೆದೇ ನಾನು ದೊಡ್ಡೋಳಾಗಿದ್ದು ಅಂತ ಹೇಳ್ರಿ ಅತ್ತೆಮ್ಮ.”

ಅಪ್ಪ ಕೈ ತೊಳೆದು ಎದ್ದು ಹೋದ. ಮೂರನೆಯ ದಿನ ಸಂತೆಯಿಂದ ಬರುವಾಗ ಅತ್ತಿಗೆಯ ಅಳತೆಗೆ ಒಂದು ಜೊತೆ ಚಪ್ಪಲಿ ತಂದು ಹೊಸ್ತಿಲ ಬಳಿ ಇಟ್ಟ. ನಾನು ಅಡುಗೆಮನೆಗೆ ಹೋಗಿ, ನೀನು ಹೋಗಬೇಡ, ನಾನೇ ಹೋಗುತ್ತೇನೆ ಎಂದೆ. ಅವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು:

“ಪಾಠ ಮುಗಿಸ್ಕಳಪ್ಪ. ಅರ್ಧಕ್ಕೆ ಬಿಟ್ಟ ಕೆಲ್ಸ ಕನಸಿನಾಗೆ ಬಂದು ಕಾಡ್ತೈತೆ.”

ಮೈದುನನಿಗೋಸ್ಕರ ಕಾಡು ಸೇರಿದಳು ಎಂದು ಹಟ್ಟಿಯ ಹೆಂಗಸರು ಮಾತಾಡಿಕೊಂಡರು. ನಾನೂ ಹಾಗೆಯೇ ತಿಳಿದೆ.

ದೀಪಾವಳಿ ಕಳೆದು ಅವರೆಲ್ಲ ಹೊರಟ ಮೇಲೆ ನಾನು ಆ ಮನೆಯಲ್ಲಿ ಒಬ್ಬನೇ ಉಳಿದೆ. ಒಬ್ಬನೇ ಇರುವ ಮನೆ ಹೇಗಿರುತ್ತದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಬೆಳಿಗ್ಗೆ ಹಿಟ್ಟು ಬೇಯಿಸಿ, ಅರ್ಧ ಉಂಡು ಅರ್ಧ ಕಟ್ಟಿಕೊಂಡು, ಬೀಗ ಹಾಕಿ ಮತ್ತೋಡಿಗೆ ನಡೆದು ಬಸ್ಸು ಹಿಡಿಯುತ್ತಿದ್ದೆ. ಸಂಜೆ ಬಂದರೆ ಬೆಳಿಗ್ಗೆ ಇಟ್ಟ ಚೊಂಬು ಇಟ್ಟಲ್ಲೇ, ಮಡಿಸಿದ ಕಂಬಳಿ ಮಡಿಸಿದ ಹಾಗೆಯೇ. ಯಾರೂ ಒಂದನ್ನೂ ಮುಟ್ಟಿರುತ್ತಿರಲಿಲ್ಲ. ನನಗೆ ಅತ್ಯಂತ ಕಷ್ಟವೆನಿಸಿದ್ದು ಇದು. ಮುದ್ದೆ ಮೊದಮೊದಲು ಗಂಟು ಗಂಟಾಗುತ್ತಿತ್ತು, ಗಂಟನ್ನು ಬೈಯುವವರೂ ಇರಲಿಲ್ಲ. ಕೆಲವು ಸಲ ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರನಿಗೆ “ಹೊಸದುರ್ಗ” ಅನ್ನುವ ತನಕ ನನ್ನ ಬಾಯಿಂದ ಒಂದು ಮಾತೂ ಬಂದಿರುತ್ತಿರಲಿಲ್ಲ, ಆ ಮಾತು ಹೊರಡುವಾಗ ಧ್ವನಿ ಬೇರೆ ಯಾರದ್ದೋ ಅನಿಸುತ್ತಿತ್ತು. ದೊಡ್ಡವ್ವ ಕೆಲವು ದಿನ ಸಾರು ತಂದುಕೊಟ್ಟು ಹೋಗುತ್ತಿದ್ದಳು. ಅವಳ ಮನೆ ತುಂಬ ಮೊಮ್ಮಕ್ಕಳು, ನಿಲ್ಲಲು ಪುರುಸೊತ್ತಿರುತ್ತಿರಲಿಲ್ಲ. ಬಿಸಿಲಲ್ಲಿ ಮಂದೆಯ ಬಲಗಡೆ ಅತ್ತಿಗೆ ನಡೆಯುತ್ತಿರುವ ಚಿತ್ರ ಕಣ್ಣಿಗೆ ಬಂದರೆ, ಪಾಠದಲ್ಲಿ ಒಂದು ತಪ್ಪು ಮಾಡಲೂ ನನಗೆ ಹಕ್ಕಿಲ್ಲ ಎನಿಸುತ್ತಿತ್ತು.

ಆ ವರ್ಷ ತಿಪ್ಪೇಸ್ವಾಮಿ ಮೇಷ್ಟ್ರು ಮೂಲೆಯ ದೊಡ್ಡ ಡೀಸೆಲ್ ಇಂಜಿನ್ನಿನ ಮೇಲೆ ಕೈಯಿಟ್ಟು ಹೇಳಿದರು:

“ಇದನ್ನ ಬಿಚ್ಚಿ ಬಿಚ್ಚಿ ಸಾಕಾಗೈತೆ. ಈ ವರ್ಷ ಓಡಿಸಾಣ.”

ಕೆಲಸ ಹಂಚಿದರು. ಒಂದು ಜೋಡಿಗೆ ಹೆಡ್ಡು, ಒಂದು ಜೋಡಿಗೆ ಬೇರಿಂಗು, ನಜೀರ್ ಮತ್ತು ಅವನ ಜೊತೆಗಾರನಿಗೆ ನಾಜಲ್ಲು. ಒಬ್ಬನೇ ಉಳಿದ ನನಗೆ ಡೀಸೆಲ್ ಪಂಪಿನ ಟೈಮಿಂಗು. ಅದು ಒಬ್ಬರೇ ಮಾಡಬಹುದಾದ ಕೆಲಸ. ಪಿಸ್ಟನ್ನು ಗಾಳಿಯನ್ನು ಪೂರ್ತಿ ಒತ್ತುವ ಮುಂಚೆ, ಸರಿಯಾದ ಒಂದು ಕ್ಷಣದಲ್ಲಿ ಪಂಪು ಡೀಸೆಲ್ಲನ್ನು ಒಳಗೆ ಚಿಮ್ಮಿಸಬೇಕು. ಆ ಕ್ಷಣ ಕಂಡುಹಿಡಿಯಲು ಪಂಪಿನ ತಲೆಗೆ ಕೊಕ್ಕರೆಯ ಕೊರಳಿನಂತೆ ಬಾಗಿದ ಸಣ್ಣ ನಳಿಕೆ ಸಿಕ್ಕಿಸುತ್ತಾರೆ. ಅದರಿಂದ ಡೀಸೆಲ್ ಸುರಿಯುತ್ತಿರುತ್ತದೆ. ಇಂಜಿನ್ನಿನ ದೊಡ್ಡ ಚಕ್ರವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದರೆ ಸುರಿಯುವುದು ಹನಿಯಾಗುತ್ತದೆ, ಹನಿ ನಿಧಾನವಾಗುತ್ತದೆ, ಒಂದು ಕಡೆ ನಿಲ್ಲುತ್ತದೆ. ಹನಿ ನಿಂತಾಗ ಚಕ್ರದ ಮೇಲಿನ ಗುರುತು ಪಕ್ಕದಲ್ಲಿ ನೆಟ್ಟ ಮುಳ್ಳಿನ ಎದುರು ಇರಬೇಕು. ನಾನು ಅದನ್ನು ವಾರಗಟ್ಟಲೆ ಮಾಡಿದೆ. ಗುರುತು ಬಂದು ನಿಂತಿತು. ಮೇಷ್ಟ್ರು ನೋಡಿ ತಲೆಯಾಡಿಸಿದರು.

ಓಡಿಸುವ ದಿನ ಬೇರೆ ವಿಭಾಗದ ಹುಡುಗರೂ ಬಂದು ಕಿಟಕಿಗೆ ಜೋತುಬಿದ್ದಿದ್ದರು. ಬ್ಯಾಟರಿ ಜೋಡಿಸಿ ಸ್ಟಾರ್ಟರು ಒತ್ತಿದರು. ಇಂಜಿನ್ನು ತಿರುಗಿತು, ತಿರುಗುತ್ತಲೇ ಹೋಯಿತು, ಹೊಗೆನಳಿಕೆಯಿಂದ ಬೆಳ್ಳಗೆ ಹೊಗೆ ಸುರಿಯಿತು. ಹತ್ತಿಕೊಳ್ಳಲಿಲ್ಲ. ಮತ್ತೆ ಒತ್ತಿದರು, ಮತ್ತೆ ಬಿಳಿ ಹೊಗೆ. ಬ್ಯಾಟರಿ ಸೋತಿತು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು.

“ಕುರಿ ಕಾಯೋನ ಕೈಗೆ ಪಂಪು ಕೊಟ್ರೆ ಇನ್ನೇನಾಗ್ತೈತೆ,” ಅಂದ ನಜೀರ್. ನ್ಯಾಯವಾಗಿ ಹೇಳಬೇಕೆಂದರೆ ಅವನೂ ಬೇಸರದಲ್ಲಿದ್ದ, ಅವನ ಅಪ್ಪನೂ ನೋಡಲು ಬಂದಿದ್ದ.

ಮೇಷ್ಟ್ರು ನನ್ನನ್ನು ಬೈಯಲಿಲ್ಲ. “ಬಿಳಿ ಹೊಗೆ ಅಂದ್ರೆ ಡೀಸೆಲ್ ಒಳಗೆ ಹೋಗ್ತೈತೆ, ಉರೀತಿಲ್ಲ. ಯಾಕೆ ಅಂತ ಮನೇಲಿ ಯೋಚನೆ ಮಾಡ್ಕಂಡು ಬಾ,” ಅಂದರು.

ಅಂದು ಸಂಜೆ ನಾನು ಒಲೆ ಹಚ್ಚಲಿಲ್ಲ. ಚೊಂಬು, ಮುಚ್ಚಳ, ಒನಕೆಗಳನ್ನು ನಡುಮನೆಯಲ್ಲಿ ಹರಡಿಕೊಂಡು ಕೂತೆ. ಎದುರಿಗೆ ಯಾರೂ ಇಲ್ಲದೆ ಅವು ಬರೀ ಪಾತ್ರೆಗಳಾಗಿದ್ದವು. ಕೊನೆಗೆ ನಾಚಿಕೆಯನ್ನು ಬಿಟ್ಟು ನಾನೇ ಬಾಯಿಬಿಟ್ಟು ಎರಡೂ ಕಡೆಯ ಮಾತಾಡಿದೆ. ಅತ್ತಿಗೆ ಇದ್ದಿದ್ದರೆ ಏನು ಕೇಳುತ್ತಿದ್ದಳೋ ಅದನ್ನು ಅವಳ ಧಾಟಿಯಲ್ಲೇ ಕೇಳಿದೆ. ಗುರುತು ಬಂತು ಅಂತೀಯಲ್ಲ, ಅದು ಸರಿಯಾದ ಹೊತ್ತು ಅಂತ ಹೆಂಗೆ ಹೇಳ್ತೀಯ? ಚಕ್ರದ ಮೇಲೆ ಬರೆದೈತೆ. ಚಕ್ರ ಎಷ್ಟು ಸಲ ತಿರುಗ್ತೈತೆ? ಒಂದು ಸಲ ಉರಿಯೋಕೆ ಎರಡು ಸುತ್ತು. ಹಂಗಾದ್ರೆ ಗುರುತು ಎರಡು ಸಲ ಬಂತಲ್ಲ, ನೀನು ಹಿಡಿದಿದ್ದು ಯಾವುದನ್ನ?

ನಾನು ಒನಕೆಯನ್ನು ಎರಡು ಸಲ ಮೇಲಕ್ಕೆತ್ತಿ ನೋಡಿದೆ. ಗುರುತು ಎರಡು ಸಲ ಬರುತ್ತದೆ, ಒಂದು ಸಲ ಪಿಸ್ಟನ್ನು ಗಾಳಿ ಒತ್ತುವಾಗ, ಇನ್ನೊಂದು ಸಲ ಉರಿದ ಹೊಗೆಯನ್ನು ಹೊರಗೆ ತಳ್ಳುವಾಗ. ಒತ್ತುವಾಗ ಎರಡೂ ವಾಲ್ವು ಮುಚ್ಚಿರಬೇಕು. ನಾನು ಗುರುತು ನೋಡಿದ್ದೆ, ವಾಲ್ವು ಮುಟ್ಟಿ ನೋಡಿರಲಿಲ್ಲ. ಮರುದಿನ ಎಲ್ಲರಿಗಿಂತ ಮುಂಚೆ ಶಾಲೆಗೆ ಹೋಗಿ, ಹನಿ ನಿಲ್ಲುವ ಗುರುತಿಗೆ ಚಕ್ರ ತಿರುಗಿಸಿ, ಇಂಜಿನ್ನಿನ ಮೇಲಿನ ಮುಚ್ಚಳ ತೆಗೆದು ಮುಟ್ಟಿದೆ. ಮೊದಲ ಸಿಲಿಂಡರಿನ ಎರಡೂ ವಾಲ್ವಿನ ತೋಳುಗಳು ಬಿಗಿಯಾಗಿದ್ದವು, ಅಂದರೆ ಎರಡೂ ಸ್ವಲ್ಪ ಸ್ವಲ್ಪ ತೆರೆದಿದ್ದವು. ಹೊಗೆ ಹೋಗುವ ದಾರಿಗೆ ನಾವು ಡೀಸೆಲ್ ಹೊಯ್ಯುತ್ತಿದ್ದೆವು. ಮೇಷ್ಟ್ರು ಬಂದಾಗ ಹೇಳಿದೆ. ಅವರೂ ಮುಟ್ಟಿ ನೋಡಿದರು. “ನಾನೂ ನೋಡ್ಬೇಕಿತ್ತು,” ಎಂದರು. ಇಂಜಿನ್ನನ್ನು ಇನ್ನೊಂದು ಸುತ್ತು ತಿರುಗಿಸಿ, ಪಂಪನ್ನು ಬಿಚ್ಚಿ ಕೂರಿಸಿ, ಮತ್ತೆ ಹನಿ ನಿಲ್ಲಿಸಿ, ಕೊಳವೆಗಳೊಳಗಿನ ಗಾಳಿ ತೆಗೆಯುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಸ್ಟಾರ್ಟರು ಒತ್ತಿದಾಗ ಒಂದು ಸಲ ಕೆಮ್ಮಿತು, ಇನ್ನೊಂದು ಸಲ ಕೆಮ್ಮಿತು, ಆಮೇಲೆ ತಗಡಿನ ಚಾವಣಿಯೆಲ್ಲ ನಡುಗುವಂತೆ ಹತ್ತಿಕೊಂಡಿತು. ನಜೀರ್ ನನ್ನ ಹೆಗಲ ಮೇಲೆ ಕೈ ಹಾಕಿ ಏನೋ ಕೂಗಿದ, ಕೇಳಿಸಲಿಲ್ಲ. ಮೇಷ್ಟ್ರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ನನ್ನ ಕೈಗೆ ಕೊಟ್ಟರು.

ಎಲ್ಲರೂ ಮನೆಗೆ ಹೇಳಲು ಓಡಿದರು. ನಾನು ಮತ್ತೋಡಿನಲ್ಲಿ ಇಳಿದು ನಡೆದು ಬಂದು ಬೀಗ ತೆಗೆದೆ. ಕಿವಿಯಲ್ಲಿ ಇನ್ನೂ ಇಂಜಿನ್ನಿನ ಸದ್ದು ತುಂಬಿತ್ತು, ಮನೆಯೊಳಗೆ ಸದ್ದೇ ಇರಲಿಲ್ಲ. ಚೊಂಬು ಇಟ್ಟಲ್ಲೇ ಇತ್ತು. ತಡೆಯಲಾಗದೆ ದೊಡ್ಡವ್ವನ ಮನೆಗೆ ಹೋದೆ. ಅವಳು ಹಸುವಿಗೆ ಬೂಸಾ ಕಲೆಸುತ್ತಿದ್ದಳು.

“ದೊಡ್ಡವ್ವ, ಇಂಜಿನ್ನು ಓಡ್ತು.”

“ಎಲ್ಲಿಗೆ ಓಡ್ತು?”

“ಎಲ್ಲಿಗೂ ಇಲ್ಲ. ನಿಂತಲ್ಲೇ.”

“ನಿಂತಲ್ಲೇ ಓಡಿದ್ರೆ ಏನು ಬಂತಪ್ಪ,” ಎಂದು ಅವಳು ಬೂಸಾದ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಆ ಭಾನುವಾರ ನಾನು ಮಂದೆಯನ್ನು ಹುಡುಕಿಕೊಂಡು ಹೊರಟೆ. ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಮುಂದಿನ ಹಳ್ಳಿಗಳಲ್ಲಿ ಮತ್ತೋಡಿನ ಕಡೆಯವರ ಮಂದೆ ಎಲ್ಲಿದೆ ಎಂದು ಕೇಳುತ್ತ ಹೋದೆ. ಕಾಲುವೆಯ ಪಕ್ಕದಲ್ಲಿ, ಕೊಯ್ಲಾದ ಗದ್ದೆಯಲ್ಲಿ ಸಿಕ್ಕರು. ಅತ್ತಿಗೆಯನ್ನು ನಾನು ಮೊದಲು ಗುರುತಿಸಲಿಲ್ಲ. ಕಪ್ಪಾಗಿದ್ದಳು. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕೈಯಲ್ಲಿ ಕೋಲು. ದೂರದಲ್ಲಿ ಬೇಲಿಗೆ ಬಾಯಿಹಾಕಿದ್ದ ಕುರಿಗಳನ್ನು ತೆಲುಗಿನಲ್ಲಿ ಬೈಯುತ್ತ ತಿರುಗಿಸಿಕೊಂಡು ಬರುತ್ತಿದ್ದಳು. ಅಣ್ಣ ಏನೋ ಹೇಳಿದ, ಅವಳು ನಕ್ಕಳು. ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ ನಕ್ಕಳು. ನಮ್ಮ ಮನೆಯಲ್ಲಿ ಇದ್ದಷ್ಟು ವರ್ಷ ಆ ನಗುವನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಎಲ್ಲರೂ ಸುತ್ತ ಕೂತು ನಾನು ಉಣ್ಣುವುದನ್ನು ನೋಡಿದರು. ನಾನು ಇಂಜಿನ್ನಿನ ಕಥೆ ಹೇಳಿದೆ. ಅತ್ತಿಗೆ ಕೇಳುತ್ತಿದ್ದಳು, ಆದರೆ ಅವಳ ಕಣ್ಣು ನನ್ನ ಹೆಗಲಿನಾಚೆ, ನಡೆಯಲು ಕಲಿಯುತ್ತಿದ್ದ ಒಂದು ಮರಿಯ ಮೇಲಿತ್ತು. ಗುರುತು ಎರಡು ಸಲ ಬರುವುದರ ಬಳಿಗೆ ನಾನು ಬರುವಷ್ಟರಲ್ಲಿ ಮರಿ ಮುಗ್ಗರಿಸಿತು. ಅವಳು ಎದ್ದು ಹೋಗಿ ಎತ್ತಿಕೊಂಡು ಬಂದಳು.

“ಶುರುವಾತಲ್ಲ, ಅದೇ ಸಾಕು,” ಅಂದಳು.

ಹೊರಡುವಾಗ ಅವಳೊಬ್ಬಳೇ ಇದ್ದ ಹೊತ್ತು ನೋಡಿ ಹೇಳಿದೆ, “ಪರೀಕ್ಷೆ ಮುಗೀತೈತೆ ಅತ್ತಿಗೆ. ಮುಂದಿನ ಸಲ ನೀನು ಮನೇಲೇ ಇರು. ನಾನು ಬಲಗಡೆ ನಡೀತೀನಿ.”

ಅವಳು ಮರಿಯ ಕಾಲಿನ ಮಣ್ಣು ಒರೆಸುತ್ತಿದ್ದಳು. ಆಮೇಲೆ ನನ್ನ ಮುಖ ನೋಡಿದಳು, ಮಕ್ಕಳಿಗೆ ನಿಜ ಹೇಳುವ ಮುಂಚೆ ನೋಡುವ ಹಾಗೆ.

“ನಿಂಗೋಸ್ಕರ ಬಂದೆ ಅಂತ ಇಷ್ಟು ದಿನ ಕೊರಗಿದ್ಯಾ? ನಂಗೆ ಆ ಮನೆ ಸಾಕಾಗಿತ್ತು ಕಣಪ್ಪ. ನೀನು ಬರೋ ತನಕ ಬೆಳಕಿಂಡಿ ಬಿಸಿಲು ನೋಡ್ಕಂತ ಕುಂತಿರ್ತಿದ್ದೆ. ಈಗ ನಂಗೆ ಸೂರಿನ ಕೆಳಗೆ ನಿದ್ದೇನೇ ಬರಲ್ಲ.”

ಅವಳ ಋಣ ಹೊತ್ತುಕೊಂಡು ಆ ಚಳಿಗಾಲವನ್ನೆಲ್ಲ ಕಳೆದಿದ್ದೆ. ಈಗ ಅದು ಇಳಿದುಹೋಯಿತು, ಮೈ ಹಗುರಾದದ್ದಕ್ಕಿಂತ ಖಾಲಿಯಾದದ್ದೇ ಹೆಚ್ಚು ತಿಳಿಯಿತು. ಆ ಮನೆಯಲ್ಲಿ ನಾವಿಬ್ಬರೂ ಜೊತೆಗಿದ್ದೆವು ಎಂದು ನಾನು ತಿಳಿದ ಸಂಜೆಗಳಲ್ಲೂ ಅವಳು ಅವಳ ಪಾಡಿಗೆ ಒಬ್ಬಳೇ ಇದ್ದಳು. ಇಲ್ಲಿ, ಗೋಡೆಯೇ ಇಲ್ಲದ ಜಾಗದಲ್ಲಿ, ಅವಳಿಗೆ ಮನೆ ಸಿಕ್ಕಿತ್ತು.

ರಸ್ತೆಯವರೆಗೆ ಅಪ್ಪ ಬಂದ. ಬದುವಿನ ಮೇಲೆ ಮುಂದೆ ಅಪ್ಪ, ಹಿಂದೆ ನಾನು. ರಸ್ತೆಯ ಬದಿಯಲ್ಲಿ ನಿಂತು ಕೇಳಿದ:

“ಆ ಇಂಜಿನ್ನು ನಿಂತಿತ್ತಲ್ಲ, ಅದರ ತಪ್ಪು ಕಂಡು ಹಿಡಿದಿದ್ದು ನೀನೇನಾ?”

“ಹೂನಪ್ಪ.”

ಬಸ್ಸು ಬಂತು. ಅಪ್ಪ ರಸ್ತೆಯ ನಡುವೆ ಹೋಗಿ ಕೋಲು ಅಡ್ಡ ಹಿಡಿದು ನಿಲ್ಲಿಸಿದ. ಡ್ರೈವರನ ಕಿಟಕಿಯ ಬಳಿ ಹೋಗಿ, ರುಮಾಲು ಸರಿಮಾಡಿಕೊಂಡು ಹೇಳಿದ:

“ಸ್ವಾಮೇರ, ಇವ್ನು ನನ್ನ ಮಗ. ಮೋಟಾರು ಪಾಠ ಓದ್ತವ್ನೆ. ಮುಂದೆ ಕುಂದ್ರಿಸ್ಕಳ್ರಿ. ದಾರಿಯಾಗೆ ಗಾಡಿ ಕೆಟ್ರೆ ಇವ್ನೇ ಮಾಡ್ತಾನೆ.”

ಬಸ್ಸಿನೊಳಗಿನ ಜನ ನಕ್ಕರು. ಡ್ರೈವರು ನಗಲಿಲ್ಲ, ತನ್ನ ಪಕ್ಕದ ಬಾನೆಟ್ಟಿನ ಮೇಲಿದ್ದ ಗಂಟನ್ನು ಸರಿಸಿ ಜಾಗ ಮಾಡಿದ. ನಾನು ಹತ್ತಿ ಕೂತು ತಿರುಗಿ ನೋಡುವಷ್ಟರಲ್ಲಿ ಅಪ್ಪ ಬದುವಿನ ಮೇಲೆ ಅರ್ಧ ದಾರಿ ಹೋಗಿಯಾಗಿತ್ತು. ಬಾನೆಟ್ಟು ಬಿಸಿಯಾಗಿತ್ತು. ಸ್ವಲ್ಪ ದೂರ ಹೋದ ಮೇಲೆ ಡ್ರೈವರು ಕೇಳಿದ:

“ಏನಪ್ಪಾ ಮೆಕ್ಯಾನಿಕ್ಕು, ನನ್ನ ಗಾಡಿ ಸದ್ದು ಹೆಂಗೈತೆ?”

ತಮಾಷೆಗೆ ಕೇಳಿದನೋ ಏನೋ. ನಾನು ಹೇಳತೊಡಗಿದೆ. ಸದ್ದಿನಿಂದ ಶುರುವಾಗಿ ವಾಲ್ವು ಎತ್ತುವ ಟ್ಯಾಪೆಟ್ಟು, ಪಂಪು, ನಳಿಕೆಯ ತುದಿಯಲ್ಲಿ ನಿಲ್ಲುವ ಹನಿ, ಬಿಳಿ ಹೊಗೆ, ಗುರುತು ಎರಡು ಸಲ ಬರುವುದು, ತಿಪ್ಪೇಸ್ವಾಮಿ ಮೇಷ್ಟ್ರು, ಮುದ್ದೆ ಗಂಟಾಗುವುದು, ರೊಪ್ಪಕ್ಕೆ ಗೋಡೆ ಎದ್ದದ್ದು, ಎಲ್ಲವನ್ನೂ ಹೇಳಿದೆ. ಅವನು ಹೂಂಗುಡುತ್ತ ಗೇರು ಬದಲಿಸುತ್ತಿದ್ದ. ಜನ ಹತ್ತಿದರು, ಇಳಿದರು. ಹಿರಿಯೂರು ಬರುವ ತನಕ ನಾನು ನಿಲ್ಲಿಸಲಿಲ್ಲ. ಇಳಿಯುವಾಗ ಅವನು “ಹೋಗ್ಬಾರಪ್ಪ” ಎಂದದ್ದಕ್ಕೆ ಉತ್ತರ ಕೊಡಲು ಧ್ವನಿಯೇ ಉಳಿದಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಹಟ್ಟಿ ಸೇರಿ ಬೀಗಕ್ಕೆ ಕೈ ಹಾಕಿದಾಗ, ಅಷ್ಟು ಮಾತಾಡಿದ್ದಕ್ಕೆ, ಗಂಟಲು ಇನ್ನೂ ನೋಯುತ್ತಿತ್ತು.